ಲೇಹ್‌ನಲ್ಲಿರುವ ನಮ್ಮ ಕನ್ನಡದ ಸಾಹೇಬರಿಗೆ: ನವೆಂಬರ್‌ಗೆ ಮುಂಚೆ ಪೈಪ್ ಕೊಡಿ

ಮಾನ್ಯರೇ,

ನಮಸ್ಕಾರ. ನಾನು ಧಾರವಾಡದವಳು, ಲಡಾಖಿನ ಹಳ್ಳಿಗೆ ಸೊಸೆಯಾಗಿ ಬಂದಿದ್ದೇನೆ. ನೀವೂ ಕರ್ನಾಟಕದವರು ಅಂತ ಗೊತ್ತಾದಾಗ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ಅವರ ಮುಂದೆ ತಲೆ ಎತ್ತಲು ಆಗುತ್ತಿಲ್ಲ. ಇಂಗ್ಲಿಷ್‌ನಲ್ಲಿ ಅರ್ಜಿ ಕೊಟ್ಟಾಯಿತು, ಹಿಂದಿಯಲ್ಲೂ ಕೊಟ್ಟಾಯಿತು. ಕನ್ನಡದಲ್ಲಾದರೂ ಓದುತ್ತೀರಾ ನೋಡೋಣ.

ನಾವು ಕೇಳಿದ್ದು ಐಸ್ ಸ್ತೂಪಕ್ಕೆ ಪೈಪ್. ಅದು ಹೇಗೆ ನಡೆಯುತ್ತದೆ ಅಂತ ನಿಮಗೆ ಹೇಳಬೇಕಿಲ್ಲ, ನಿಮ್ಮ ಕಚೇರಿ ಗೋಡೆಯ ಮೇಲೇ ಅದರ ಫೋಟೋ ಇದೆ. ಮೇಲಿನ ತೊರೆಯ ನೀರು ಪೈಪಿನಲ್ಲಿ ಇಳಿದು ತನ್ನ ಒತ್ತಡಕ್ಕೆ ತಾನೇ ಚಿಮ್ಮುತ್ತದೆ, ಚಳಿಗೆ ಹೆಪ್ಪುಗಟ್ಟಿ ಗೋಪುರವಾಗುತ್ತದೆ, ಬಿತ್ತನೆ ಹೊತ್ತಿಗೆ ಕರಗಿ ಹೊಲಕ್ಕೆ ನೀರಾಗುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಚಳಿ ಬೇಕು. ನಿಮ್ಮ ಪೈಪ್ ಬಂದಿದ್ದು ಮೇ ತಿಂಗಳಲ್ಲಿ!

ಲಾರಿ ಬಂದಾಗ ನಾನೇ ಇದ್ದೆ. ಡ್ರೈವರ್ ಕಪ್ಪು ಪೈಪಿನ ಸುರುಳಿಗಳನ್ನು ನಮ್ಮ ಬಾರ್ಲಿ ಹೊಲದ ಬದುವಿಗೆ ಉರುಳಿಸಿ ಸಹಿ ಹಾಕಿಸಿಕೊಂಡ. ಪೈರು ಬೆರಳುದ್ದವೂ ಇರಲಿಲ್ಲ, ಆಗಲೇ ತುದಿ ಹಳದಿ. ಮುಂದಿನ ಚಳಿಗಾಲಕ್ಕೆ ಇಟ್ಟುಕೊಳ್ಳಿ ಅಂದಿರಿ. ಸರಿ ಅಂದೆವು. ಆಗಸ್ಟ್‌ನಲ್ಲಿ ಅದೇ ಲಾರಿ ಬಂದು, 'ಅರ್ಜೆಂಟ್ ಕೆಲಸ' ಅಂತ ಅಷ್ಟನ್ನೂ ಎತ್ತಿಕೊಂಡು ಹೋಯಿತು. ಅರ್ಜೆಂಟ್ ಕೆಲಸ ಯಾವುದು ಗೊತ್ತಾ? ರಸ್ತೆ ಬದಿಯ ಹೋಟೆಲೊಂದರ ಲಾನ್. ಪೈಪಿನ ಮೇಲೆ ನಮ್ಮ ಮಾವ ಬಿಳಿ ಪೇಂಟಿನಲ್ಲಿ ಬರೆದಿದ್ದ ಊರ ಹೆಸರು ಹಾಗೇ ಇತ್ತು. ಹುಲ್ಲು ಚೆನ್ನಾಗಿ ಬಂದಿದೆ ಸಾರ್, ಅಭಿನಂದನೆ.

ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಧಾರವಾಡದಲ್ಲಿ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ ಬೀಳುತ್ತದೆ, ಅಲ್ವಾ? ಇಲ್ಲಿ ಹಿಮನದಿಯೇ ಗತಿ. ಅದು ವರ್ಷವರ್ಷ ಕರಗಿ ಮೇಲಕ್ಕೆ ಸರಿಯುತ್ತಿದೆ. ಬಿತ್ತನೆ ಏಪ್ರಿಲ್-ಮೇನಲ್ಲಿ, ನೀರು ಇಳಿಯುವುದು ಜೂನ್‌ಗೆ. ನಡುವಿನ ವಾರಗಳಲ್ಲಿ, ಸರದಿ ಹಂಚುವ ಛುರ್ಪೋನ್ ಮನೆ ಮುಂದೆ ದಿನಾ ಜಗಳ.

1987ರಲ್ಲೇ ಇಲ್ಲಿ ಕೃತಕ ಹಿಮನದಿ ಮಾಡಿ ತೋರಿಸಿದ ಚೆವಾಂಗ್ ನೋರ್ಫೆಲ್ ಸರ್ಕಾರಿ ಎಂಜಿನಿಯರೇ ಆಗಿದ್ದರು. ಅವರಿಗೆ 2015ರಲ್ಲಿ ಪದ್ಮಶ್ರೀ ಬಂತು. ನಮಗೆ ಪದ್ಮಶ್ರೀ ಬೇಡ, ಪೈಪ್ ಸಾಕು. ನವೆಂಬರ್‌ಗೆ ಮುಂಚೆ ಸಾಕು. ನೆಲ ಗಟ್ಟಿಯಾದ ಮೇಲೆ ಬಂದರೆ ಹೂಳಲು ಗುದ್ದಲಿಯೂ ಇಳಿಯುವುದಿಲ್ಲ.

ಹೊಸದು ತರಿಸಲು ಟೆಂಡರ್, ಫೈಲು ಅಂತ ಸುಮ್ನೆ ಕಷ್ಟಪಡಬೇಡಿ. ಹಳೆಯದೇ ಕೊಡಿ. ಹೋಟೆಲಿನವರಿಗೆ ಒಂದು ಫೋನ್ ಮಾಡಿ, ನಾವೇ ಅಗೆದುಕೊಂಡು ಬರುತ್ತೇವೆ.

ಇತಿ,
ಹಳ್ಳಿಯ ಸೊಸೆ