ಸ್ಪ್ಯಾನರ್ ಹಿಡಿಯುವ ಮೊದಲು ಚಾಸಿ ನಂಬರ್: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮ್ಮ ಗ್ಯಾರೇಜಿನ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮಲ್ಲಿ ಒಂದು ಹೊಸ ಪದ್ಧತಿ ಶುರುವಾಗುತ್ತದೆ. ಸರ್ವಿಸ್‌ಗಿರಲಿ, ಟಿಂಕರಿಂಗ್‌ಗಿರಲಿ, ಬರೀ ಎಸಿ ಗ್ಯಾಸ್ ತುಂಬಿಸುವುದಕ್ಕಿರಲಿ, ಅಂಗಳಕ್ಕೆ ಬಂದ ಪ್ರತಿ ಕಾರಿನ ಚಾಸಿ ನಂಬರನ್ನು ಮೊದಲು ಅದರ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತೇವೆ. ಸುರಕ್ಷತೆಗೆ ಸಂಬಂಧಿಸಿದ ರಿಕಾಲ್ (ದೋಷವಿರುವ ಭಾಗ ಸರಿಪಡಿಸಲು ಕಂಪನಿಯೇ ಗಾಡಿಯನ್ನು ಕರೆಸಿಕೊಳ್ಳುವುದು) ಬಾಕಿ ಇದ್ದರೆ ಜಾಬ್ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ನಿಮ್ಮ ಕೈಗೆ ಕೊಡುತ್ತೇವೆ. ಆ ಭಾಗದ ಕೆಲಸವನ್ನು ನಾವು ಮಾಡುವುದಿಲ್ಲ, ದುಡ್ಡು ಕೊಡುತ್ತೇನೆ ಎಂದರೂ ಮಾಡುವುದಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಕಳಿಸುತ್ತೇವೆ. ಹೀಗೆ ನೋಡಿ ಹೇಳುವುದಕ್ಕೆ ನಮಗೆ ಏನೂ ಕೊಡಬೇಕಾಗಿಲ್ಲ.

ಕಾರಣ ಸರಳ. ರಿಕಾಲ್ ಆದ ಭಾಗವನ್ನು ಕಂಪನಿ ತನ್ನ ಖರ್ಚಿನಲ್ಲಿ ಬದಲಿಸಿಕೊಡುತ್ತದೆ. ನಿಮಗೆ ಪುಕ್ಕಟೆ ಸಿಗಬೇಕಾದ, ಎಂಜಿನ್ನಿಗೆ ಇಂಧನ ತಳ್ಳುವ ಫ್ಯೂಯೆಲ್ ಪಂಪಿಗೆ ನಮ್ಮಲ್ಲಿ ಸಾವಿರಗಟ್ಟಲೆ ಬಿಲ್ ಆಗುವುದು ಸರಿಯಲ್ಲ. 2020ರ ಜುಲೈನಲ್ಲಿ ಮಾರುತಿ ಕಂಪನಿ ಫ್ಯೂಯೆಲ್ ಪಂಪ್ ದೋಷಕ್ಕಾಗಿ ವ್ಯಾಗನ್‌ಆರ್ ಮತ್ತು ಬಲೆನೊ ಸೇರಿ 1,34,885 ಕಾರುಗಳನ್ನು ಕರೆಸಿಕೊಂಡಿತು. ಹೋಂಡಾ ಕಂಪನಿ ಇದೇ ಭಾಗಕ್ಕೆ 2020ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ, 2024ರಲ್ಲಿ ಮತ್ತೂ ಒಮ್ಮೆ ರಿಕಾಲ್ ಮಾಡಿತು. ಓಡುತ್ತಿರುವಾಗಲೇ ಎಂಜಿನ್ ಆಫ್ ಆಗುವುದು, ನಿಂತ ಮೇಲೆ ಸ್ಟಾರ್ಟ್ ಆಗದಿರುವುದು ಇದರ ಲಕ್ಷಣ. ಇಂಥ ಗಾಡಿ ಹೆದ್ದಾರಿಯಲ್ಲಿ ಲಾರಿಯ ಮುಂದೆ ನಿಂತುಬಿಟ್ಟರೆ ಏನಾದೀತು ಎಂದು ವಿವರಿಸಬೇಕಾಗಿಲ್ಲ.

ಪೇಪರಿನಲ್ಲಿ 'ಲಕ್ಷ ಕಾರು ವಾಪಸ್' ಎಂದು ಓದಿ ಕೆಲವರು ಗಾಬರಿಯಾಗುತ್ತಾರೆ. ನಿಮ್ಮ ಕಾರನ್ನು ಯಾರೂ ಕೊಂಡೊಯ್ಯುವುದಿಲ್ಲ. ಬಿಟ್ಟು ಬಂದು, ಭಾಗ ಬದಲಾದ ಮೇಲೆ ಮನೆಗೆ ತರುವುದು, ಅಷ್ಟೇ. ಇನ್ನು ಕೆಲವರ ಮಾತು ಬೇರೆ: "ಗಾಡಿ ಸಮ ಓಡ್ತಾ ಉಂಟಲ್ಲ ಮಾರಾಯ್ರೆ, ಸುಮ್ಮನೆ ಯಾಕೆ ತಲೆಬಿಸಿ?" ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಈ ಮಾತಿಗೆ ಉತ್ತರವಾಗಿ.

ಗಾಡಿ ಸಮ ಓಡುತ್ತಿದ್ದರೂ ಒಳಗೆ ಅಡಗಿರುವ ದೋಷಕ್ಕೆ ಏರ್‌ಬ್ಯಾಗ್ ಒಂದು ಉದಾಹರಣೆ. ಅದರ ಒಳಗೆ ಇನ್‌ಫ್ಲೇಟರ್ ಎಂಬ ಲೋಹದ ಡಬ್ಬಿ ಇರುತ್ತದೆ. ಡಿಕ್ಕಿಯಾದಾಗ ಅದರೊಳಗಿನ ರಾಸಾಯನಿಕ ಉರಿದು, ಆ ಅನಿಲದಿಂದ ಚೀಲ ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ. ಜಪಾನಿನ ಟಕಾಟಾ ಕಂಪನಿ ಇದಕ್ಕೆ ಅಮೋನಿಯಂ ನೈಟ್ರೇಟ್ ಬಳಸಿತು. ಅದರ ಎಷ್ಟೋ ಇನ್‌ಫ್ಲೇಟರ್‌ಗಳಲ್ಲಿ ತೇವ ಹೀರಿಕೊಳ್ಳುವ ಪದಾರ್ಥವನ್ನು ಸೇರಿಸಿರಲಿಲ್ಲ. ವರ್ಷಗಟ್ಟಲೆ ಸೆಕೆ ಮತ್ತು ತೇವ ತಾಗಿ ಆ ರಾಸಾಯನಿಕದ ಬಿಲ್ಲೆಗಳು ಸಡಿಲವಾದವು. ತೇವ ತಾಗಿದ ಪಟಾಕಿ ಠುಸ್ ಎನ್ನುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ಸಡಿಲವಾದ ಬಿಲ್ಲೆ ಬೇಕಾದ್ದಕ್ಕಿಂತ ವೇಗವಾಗಿ ಉರಿದು, ಒತ್ತಡ ತಾಳದೆ ಡಬ್ಬಿಯೇ ಒಡೆಯುತ್ತದೆ. ಲೋಹದ ಚೂರುಗಳು ಚೀಲವನ್ನು ಹರಿದು ಕುತ್ತಿಗೆಗೆ, ಮುಖಕ್ಕೆ, ಎದೆಗೆ ನುಗ್ಗುತ್ತವೆ. ಬದುಕಿಸಬೇಕಾದ ವಸ್ತುವೇ ಸಣ್ಣ ಡಿಕ್ಕಿಯಲ್ಲೂ ಕೊಂದ ಪ್ರಕರಣಗಳಿವೆ. ಜಗತ್ತಿನಾದ್ಯಂತ ಸುಮಾರು 10 ಕೋಟಿ ಇನ್‌ಫ್ಲೇಟರ್‌ಗಳು ರಿಕಾಲ್ ಆದವು. 2017ರಲ್ಲಿ ಟಕಾಟಾ ದಿವಾಳಿಯಾಯಿತು.

ಈ ಕಥೆ ನಮ್ಮ ಕರಾವಳಿಗೆ ಯಾಕೆ ಹೆಚ್ಚು ಅನ್ವಯಿಸುತ್ತದೆ ನೋಡಿ. ಅಮೆರಿಕದಲ್ಲಿ ರಿಕಾಲ್ ನಡೆಸಿದಾಗ ಫ್ಲಾರಿಡಾ, ಹವಾಯಿಯಂಥ ಸೆಕೆ ಮತ್ತು ತೇವದ ಜಾಗದ ಕಾರುಗಳನ್ನು ಮೊದಲ ಸಾಲಿನಲ್ಲಿಟ್ಟರು. ಅಮೆರಿಕದ ಹೊರಗೆ ಮೊದಲ ಸಾವು ವರದಿಯಾದದ್ದು ಮಲೇಷ್ಯಾದಲ್ಲಿ, 2014ರಲ್ಲಿ. ಹೋಂಡಾ ಸಿಟಿ ಓಡಿಸುತ್ತಿದ್ದ ಗರ್ಭಿಣಿಯೊಬ್ಬರು ಪ್ರಾಣ ಕಳೆದುಕೊಂಡರು. ಆ ದೇಶದ ಹವೆಗೂ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೂ ಬೂಸಲು ಹಿಡಿಯುವ ನಮ್ಮ ಊರಿನ ಹವೆಗೂ ಹೆಚ್ಚು ವ್ಯತ್ಯಾಸವಿಲ್ಲ. ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದು, ವರ್ಷಕ್ಕೊಮ್ಮೆ ಊರಿಗೆ ಬಂದಾಗ ಓಡಿಸಲೆಂದು ಶೆಡ್ಡಿನಲ್ಲಿ ನಿಲ್ಲಿಸಿದ ಕಾರುಗಳು ನಮ್ಮ ಕಡೆ ಎಷ್ಟಿವೆ! ಕಡಿಮೆ ಓಡಿದೆ, ಹಾಗಾಗಿ ಹೊಸದರಂತಿದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ದೋಷಕ್ಕೆ ಕಿಲೋಮೀಟರ್ ಅಲ್ಲ, ವಯಸ್ಸು ಮತ್ತು ಹವೆ ಮುಖ್ಯ.

ನಮ್ಮ ದೇಶದಲ್ಲಿ ಹೋಂಡಾ ಕಂಪನಿ 2016ರ ಜುಲೈನಲ್ಲಿ 1,90,578 ಕಾರುಗಳನ್ನು, 2017ರ ಜನವರಿಯಲ್ಲಿ 41,580 ಕಾರುಗಳನ್ನು, 2018ರ ಜನವರಿಯಲ್ಲಿ 22,834 ಕಾರುಗಳನ್ನು ಇದೇ ಇನ್‌ಫ್ಲೇಟರಿಗಾಗಿ ಕರೆಯಿತು. ಸಿಟಿ, ಜಾಝ್, ಸಿವಿಕ್, ಅಕಾರ್ಡ್ ಈ ಪಟ್ಟಿಗಳಲ್ಲಿವೆ. 2019ರಲ್ಲಿ 2003ರಿಂದ 2006ರವರೆಗಿನ ಅಕಾರ್ಡ್‌ಗಳನ್ನೂ ಕರೆಯಿತು. ಬಿಡದಿಯಲ್ಲಿ ತಯಾರಾಗುತ್ತಿದ್ದ ಟೊಯೊಟಾ ಕೊರೊಲ್ಲಾ ಆಲ್ಟಿಸ್ ಕೂಡ 2017ರಲ್ಲಿ ಏರ್‌ಬ್ಯಾಗಿಗಾಗಿ ರಿಕಾಲ್ ಆಗಿದೆ. 'ಹಳೇ ಕಾರಿಗೆ ಯಾರು ಕೇಳ್ತಾರೆ' ಎಂದುಕೊಳ್ಳಬೇಡಿ. ಹಳೇ ಕಾರಿಗೇ ಇದು ಹೆಚ್ಚು ಬೇಕು.

ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಲೈಟ್ ಉರಿಯುತ್ತಿಲ್ಲ ಎಂದು ನೆಮ್ಮದಿಯಾಗಿರುವವರಿಗೂ ಒಂದು ಮಾತು. ಆ ಲೈಟ್ ಹೇಳುವುದು ವೈರಿಂಗ್, ಸೆನ್ಸರ್‌ಗಳ ಸ್ಥಿತಿಯನ್ನು. ಡಬ್ಬಿಯೊಳಗಿನ ಬಿಲ್ಲೆ ಹಾಳಾಗಿದೆಯೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಸ್ಕ್ಯಾನರಿಗೂ ಗೊತ್ತಾಗುವುದಿಲ್ಲ. ಮೂವತ್ತು ವರ್ಷ ಅನುಭವದ ಮೇಸ್ತ್ರಿಗೂ ಹೊರಗಿನಿಂದ ನೋಡಿ ಹೇಳಲಾಗದು. ನಂಬರ್ ಹಾಕಿ ನೋಡುವುದೊಂದೇ ದಾರಿ.

ಮಾರುತಿಯ ಇಕೋ ವ್ಯಾನ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಎರಡು ಸಲ ಓದಿ. 2021ರ ಜುಲೈ 5ರಿಂದ 2023ರ ಫೆಬ್ರವರಿ 15ರ ನಡುವೆ ತಯಾರಾದ ಇಕೋ ಮತ್ತು ಎಸ್‌-ಪ್ರೆಸ್ಸೊಗಳ ಪೈಕಿ 87,599 ಗಾಡಿಗಳನ್ನು ಸ್ಟಿಯರಿಂಗ್ ಟೈ ರಾಡ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವ ಸರಳು) ದೋಷಕ್ಕಾಗಿ ಮಾರುತಿ ಕರೆದಿದೆ. ಅಪರೂಪಕ್ಕಾದರೂ ಅದು ತುಂಡಾಗಬಹುದು, ಆಗ ಸ್ಟಿಯರಿಂಗ್ ಹಿಡಿತ ತಪ್ಪಬಹುದು. ನಮ್ಮಲ್ಲಿ ಇಕೋ ಎಂದರೆ ಶಾಲೆಯ ಮಕ್ಕಳು, ಮದುವೆಯ ಅಡುಗೆ ಪಾತ್ರೆ, ಕೆಲವೆಡೆ ಆಂಬುಲೆನ್ಸ್. ಒಂದು ದಿನದ ಬಾಡಿಗೆ ಹೋಗುತ್ತದೆ ಎಂಬ ಸಂಕಟ ನಮಗೆ ಅರ್ಥವಾಗುತ್ತದೆ. ಸರ್ವಿಸ್ ಸೆಂಟರಿಗೆ ಮೊದಲೇ ಫೋನ್ ಮಾಡಿ, ಪಾರ್ಟ್ ಬಂದಿದೆಯೇ ಎಂದು ಖಚಿತಪಡಿಸಿಕೊಂಡು, ಬೆಳಗ್ಗಿನ ಹೊತ್ತಿಗೆ ಬುಕ್ ಮಾಡಿದರೆ ಸುಮ್ಮನೆ ಕಾಯುವುದು ತಪ್ಪುತ್ತದೆ. ಬೇಕಾದರೆ ಆ ಫೋನನ್ನು ನಾವೇ ಮಾಡಿಕೊಡುತ್ತೇವೆ.

ಕಂಪನಿ ಪತ್ರ ಕಳಿಸುತ್ತದಲ್ಲ, ನೀವೇಕೆ ನೋಡಬೇಕು ಎಂದು ಕೇಳಬಹುದು. ಪತ್ರ ಹೋಗುವುದು, ಮೆಸೇಜ್ ಹೋಗುವುದು ಕಂಪನಿಯ ದಾಖಲೆಯಲ್ಲಿರುವ ಹೆಸರಿಗೆ. ಬೆಂಗಳೂರಿನಲ್ಲಿ ಮೊದಲ ಓನರ್ ಕೈಯಲ್ಲಿ ಐದಾರು ವರ್ಷ ಓಡಿ, ಇಬ್ಬರು ಬ್ರೋಕರ್‌ಗಳನ್ನು ದಾಟಿ ನಮ್ಮೂರಿಗೆ ಬಂದು, ಈಗಲೂ ಕೆಎ 03, ಕೆಎ 51 ನಂಬರಿನಲ್ಲೇ ಓಡುವ ಕಾರುಗಳು ನಮ್ಮ ಗ್ರಾಹಕರಲ್ಲಿ ಬಹಳ. ಆ ಪತ್ರ ಅವರಿಗೆ ಮುಟ್ಟುವುದೇ ಇಲ್ಲ. ರಿಕಾಲ್ ಇರುವುದು ಗಾಡಿಯ ಮೇಲೆ, ಮೊದಲು ಕೊಂಡವರ ಮೇಲಲ್ಲ. ಎರಡನೆಯವರಿಗೂ ಮೂರನೆಯವರಿಗೂ ಅದು ಪುಕ್ಕಟೆಯೇ.

ಹಾಗಾಗಿ ಇನ್ನೆರಡು ಬದಲಾವಣೆಗಳಿವೆ. ಮಾರಾಟಕ್ಕೆಂದು ನಮ್ಮ ಅಂಗಳದಲ್ಲಿ ನಿಲ್ಲಿಸುವ ಕಾರಿಗೆ ಏರ್‌ಬ್ಯಾಗ್, ಬ್ರೇಕ್, ಸ್ಟಿಯರಿಂಗ್ ಅಥವಾ ಫ್ಯೂಯೆಲ್ ಪಂಪಿನ ರಿಕಾಲ್ ಬಾಕಿ ಇದ್ದರೆ, ಅದು ಮುಗಿಯುವ ತನಕ ಕೊಳ್ಳುವವರಿಗೆ ನಾವು ತೋರಿಸುವುದಿಲ್ಲ. ಎರಡನೆಯದು, ಗುಜರಿಯಿಂದ ತಂದ ಏರ್‌ಬ್ಯಾಗನ್ನು ಯಾರು ತಂದುಕೊಟ್ಟರೂ ಜೋಡಿಸುವುದಿಲ್ಲ. ಅದು ಯಾವ ಕಾರಿನದು, ಯಾವ ವರ್ಷದ್ದು, ಯಾವ ಪಟ್ಟಿಯಲ್ಲಿತ್ತು ಎಂದು ತಿಳಿಯುವ ದಾರಿ ನಮಗಿಲ್ಲ. ಬೆಲೆಯಲ್ಲಿ ಭಾರಿ ವ್ಯತ್ಯಾಸವಿದೆ ಎಂಬುದು ನಿಜ, ಆದರೂ ಇದರಲ್ಲಿ ರಾಜಿ ಇಲ್ಲ.

ಕಾನೂನಿನ ವಿಚಾರ ಚುಟುಕಾಗಿ: 2012ರಿಂದ ತಯಾರಕರು ತಾವಾಗಿಯೇ ರಿಕಾಲ್ ಮಾಡುವ ಪದ್ಧತಿ ಇತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸರ್ಕಾರಕ್ಕೆ ಆದೇಶ ಮಾಡುವ ಅಧಿಕಾರ ಕೊಟ್ಟಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸರ್ಕಾರದ ಆದೇಶದ ರಿಕಾಲ್ ತಯಾರಾಗಿ 7 ವರ್ಷದೊಳಗಿನ ವಾಹನಗಳಿಗೆ. ಕಂಪನಿ ತಾನಾಗಿ ಕರೆಯುವುದಕ್ಕೆ ಈ ಮಿತಿ ಇಲ್ಲ, ಮೇಲಿನ ಅಕಾರ್ಡ್ ಅದಕ್ಕೆ ಸಾಕ್ಷಿ.

ನೀವೇ ನೋಡಿಕೊಳ್ಳುವುದಾದರೆ ಇನ್ನೂ ಒಳ್ಳೆಯದು. ಚಾಸಿ ನಂಬರ್ 17 ಅಕ್ಷರ ಮತ್ತು ಅಂಕಿಗಳದ್ದು. ಆರ್‌ಸಿಯಲ್ಲಿ, ಇನ್ಶೂರೆನ್ಸ್ ಕಾಗದದಲ್ಲಿ ಸಿಗುತ್ತದೆ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ಓ ಥರ ಕಂಡದ್ದು ಸೊನ್ನೆ, ಐ ಥರ ಕಂಡದ್ದು ಒಂದು ಎಂದೇ ಟೈಪ್ ಮಾಡಿ. ಸರ್ವಿಸ್ ಸೆಂಟರಿಗೆ ಹೋದಾಗ ರಿಕಾಲ್ ಕೆಲಸಕ್ಕೆ ಪ್ರತ್ಯೇಕ ಜಾಬ್ ಕಾರ್ಡ್ ಮಾಡಿಸಿ. ಬೇರೆ ಕೆಲಸ ಸೂಚಿಸಿದರೆ ಒಪ್ಪುವುದು ಬಿಡುವುದು ನಿಮ್ಮಿಷ್ಟ. ರಿಕಾಲ್ ಕೆಲಸಕ್ಕೆ ಅದು ಶರತ್ತಲ್ಲ. ಮುಗಿದ ಮೇಲೆ ಭಾಗ ಬದಲಿಸಿದ್ದಕ್ಕೆ ಸೀಲು ಹಾಕಿದ ಕಾಗದ ಪಡೆದು ಆರ್‌ಸಿ ಜೊತೆ ಇಟ್ಟುಕೊಳ್ಳಿ, ನಾಳೆ ಕಾರು ಮಾರುವಾಗಲೂ ಬೇಕಾಗುತ್ತದೆ. ಪಾರ್ಟ್ ಇನ್ನೂ ಬಂದಿಲ್ಲ ಎಂದರೆ ಅದನ್ನೂ ಬರಹದಲ್ಲಿ ಕೇಳಿ. ಎಡಬದಿಯ ಇನ್‌ಫ್ಲೇಟರ್ ಪಟ್ಟಿಯಲ್ಲಿದ್ದರೆ, ಬದಲಾಗುವ ತನಕ ಮುಂದಿನ ಎಡ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ. 2023ರ ಜನವರಿಯಲ್ಲಿ ಮಾರುತಿಯ 17,362 ಹೊಸ ಕಾರುಗಳ ಏರ್‌ಬ್ಯಾಗ್ ಕಂಟ್ರೋಲರಿಗೆ (ಏರ್‌ಬ್ಯಾಗನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗಕ್ಕೆ) ರಿಕಾಲ್ ಬಂದಾಗ, ಭಾಗ ಬದಲಾಗುವವರೆಗೆ ಗಾಡಿ ಓಡಿಸಲೇಬೇಡಿ ಎಂದು ಕಂಪನಿಯೇ ಹೇಳಿತ್ತು. ಅಂಥ ಸೂಚನೆ ಇದ್ದರೆ ಗಾಡಿಯನ್ನು ನಮ್ಮಲ್ಲಿಗೂ ಓಡಿಸಿಕೊಂಡು ಬರಬೇಡಿ, ಫೋನ್ ಮಾಡಿ.

ವೆಬ್‌ಸೈಟ್ ತೆರೆದು ನೋಡುವುದು ಕಷ್ಟ ಎನ್ನುವವರು, ಮುಖ್ಯವಾಗಿ ಹಿರಿಯರು, ಆರ್‌ಸಿಯ ಫೋಟೋವನ್ನು ಗ್ಯಾರೇಜಿನ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸಿದರೆ ಸಾಕು. ಅದೇ ದಿನ ಸಂಜೆಯೊಳಗೆ ಇದೆ ಅಥವಾ ಇಲ್ಲ ಎಂದು ತಿಳಿಸುತ್ತೇವೆ. ಕಾರು ನಮ್ಮಲ್ಲಿ ಸರ್ವಿಸ್ ಆಗದಿದ್ದರೂ ಪರವಾಗಿಲ್ಲ; ನೆಂಟರದ್ದು, ಪಕ್ಕದ ಮನೆಯವರದ್ದು ಇದ್ದರೂ ಕಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಮಾಲೀಕರು ಮತ್ತು ಮೆಕ್ಯಾನಿಕ್ ಬಳಗ