ಮಗಳಿಗೊಂದು ಪತ್ರ: ಕಥೆಗಳಲ್ಲಿ ಬರುವ ವಕೀಲರು

ಪುಟ್ಟೀ,

ನೀನು ಲಾ ಸೇರಿದ್ದೇ ತಡ, ಸಿಕ್ಕವರೆಲ್ಲ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದು ಅನ್ನುತ್ತಿದ್ದಾರೆ, ಅಲ್ವಾ? ಓದು, ಒಳ್ಳೆಯ ಪುಸ್ತಕವೇ. 1960ರಲ್ಲಿ ಬಂದದ್ದು. ಬಿಳಿಯ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅಂತ ಆರೋಪ ಹೊತ್ತ ಟಾಮ್ ಎನ್ನುವ ಕರಿಯನ ಪರ ಅದರಲ್ಲಿ ವಾದಿಸುವ ವಕೀಲ ಅಟಿಕಸ್ ಫಿಂಚ್. ಆದರೆ ಅವನು ಕೊನೆಯಲ್ಲಿ ಮಾಡುವ ಭಾಷಣಕ್ಕಿಂತ ನನಗೆ ಇಷ್ಟ ಅದಕ್ಕೂ ಮುಂಚಿನ ಪಾಟೀಸವಾಲು. ಹುಡುಗಿಯ ಅಪ್ಪ ಯೂವೆಲ್ ಕೈಗೆ ಒಂದು ಲಕೋಟೆ, ಒಂದು ಪೆನ್ನು ಕೊಟ್ಟು ಹೆಸರು ಬರಿ ಅನ್ನುತ್ತಾನೆ. ಅವನು ಎಡಗೈಯಲ್ಲಿ ಬರೆಯುತ್ತಾನೆ. ಹುಡುಗಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಭಾಗಕ್ಕೆ, ಆರೋಪಿ ಟಾಮ್‌ನ ಎಡಗೈಯೋ ಚಿಕ್ಕಂದಿನಲ್ಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಂತಾಗಿದೆ. ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ಜ್ಯೂರಿ ಆ ಕರಿಯನನ್ನೇ ತಪ್ಪಿತಸ್ಥ ಅನ್ನುತ್ತದೆ.

ಷೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಪೋರ್ಷಿಯಾಳನ್ನೂ ಹೊಗಳುತ್ತಾರೆ. ಸಾಲ ತೀರಿಸದಿದ್ದರೆ ಸಾಲಗಾರನ ಮೈಯಿಂದ ಒಂದು ಪೌಂಡ್ ಮಾಂಸ ಕೊಡಬೇಕು ಅಂತ ಅಲ್ಲಿ ಕರಾರಾಗಿರುತ್ತದೆ. ಮಾಂಸ ತಗೋ, ರಕ್ತ ಒಂದು ಹನಿಯೂ ಬೀಳಕೂಡದು ಅಂತ ಸಾಲ ಕೊಟ್ಟವನಿಗೆ ಅವಳು ಹೇಳುವ ಮಾತು ಜಾಣತನದ್ದೇ, ಬಿಡು. ಆದರೆ ಆ ಸಾಲ ಎತ್ತಿದ್ದೇ ಅವಳ ಗಂಡನಿಗೋಸ್ಕರ. ವೇಷ ಹಾಕಿಕೊಂಡು ಬಂದು, ಯಾರ ಕಡೆಯವಳು ಅಂತ ಹೇಳದೆ ಕಾನೂನು ಹೇಳುತ್ತಾಳೆ. ಇವತ್ತು ಯಾರಾದರೂ ಹಾಗೆ ಮಾಡಿದರೆ ಸನ್ನದು ಉಳಿಯುತ್ತಾ?

ನನ್ನ ಮನಸ್ಸಿನಲ್ಲಿ ಕೂತಿರುವ ವಕೀಲ ಜ್ಯಾಗರ್ಸ್. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಬರುತ್ತಾನೆ. ಡಿಕನ್ಸ್ ಹದಿನೈದನೇ ವಯಸ್ಸಿಗೇ ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು, ಒಳಗಿನದೆಲ್ಲ ಗೊತ್ತಿತ್ತು. ಕಕ್ಷಿದಾರರು ಹೋದ ಮೇಲೆ ಈ ಜ್ಯಾಗರ್ಸ್ ಪರಿಮಳದ ಸೋಪು ಹಾಕಿ ಕೈ ತೊಳೆಯುತ್ತಾನೆ. ಒಬ್ಬ ಬಂದು, ‘ಸ್ವಾಮಿ, ಸಾಕ್ಷಿ ಸಿಕ್ಕಿದ್ದಾನೆ, ಏನು ಬೇಕಾದರೂ ಪ್ರಮಾಣ ಮಾಡಿ ಹೇಳುತ್ತಾನೆ’ ಎನ್ನುವ ಅರ್ಥದಲ್ಲಿ ಬಾಯಿಬಿಟ್ಟರೆ ಕೆಂಡಾಮಂಡಲ ಆಗುತ್ತಾನೆ. ಸುಳ್ಳುಸಾಕ್ಷಿ ಅಂತ ಸಿಟ್ಟಲ್ಲ ಕಣೇ, ಅದನ್ನು ತನ್ನ ಕಿವಿಗೆ ಹಾಕಿದನಲ್ಲ ಅಂತ.

ಅವನ ಮನೆಗೆಲಸದವಳು ಮಾಲಿ. ಹಿಂದೊಮ್ಮೆ ಇನ್ನೊಬ್ಬ ಹೆಂಗಸಿನ ಕುತ್ತಿಗೆ ಹಿಸುಕಿ ಕೊಂದಳು ಅಂತ ಕೇಸಾಗಿತ್ತು. ಸತ್ತವಳು ಇವಳಿಗಿಂತ ದೊಡ್ಡ ಆಳು, ಗಟ್ಟಿ ಆಳು. ಇಷ್ಟು ಬಲ ಇವಳಿಗೆಲ್ಲಿಂದ ಬರಬೇಕು ಅನ್ನುವುದೇ ಜ್ಯಾಗರ್ಸ್ ವಾದ. ಮಾಲಿ ಕೋರ್ಟಿಗೆ ಹಾಕಿಕೊಂಡು ಬಂದ ಬಟ್ಟೆಯ ತೋಳು ಎಷ್ಟು ಜಾಣತನದ್ದು ಅಂದರೆ ಅವಳ ಕೈಗಳು ಮೃದುವಾಗಿ, ನಾಜೂಕಾಗಿ ಕಾಣುತ್ತಿದ್ದವಂತೆ. ಗೆದ್ದ. ಅವಳು ಬಿಡುಗಡೆಯಾಗಿ ಅವನ ಮನೆಗೇ ಕೆಲಸಕ್ಕೆ ಸೇರಿದಳು. ಎಷ್ಟೋ ವರ್ಷದ ಮೇಲೆ ಒಂದು ರಾತ್ರಿ ಊಟಕ್ಕೆ ಬಂದ ಹುಡುಗರ ಮುಂದೆ ಅವಳ ಕೈ ಗಪ್ಪನೆ ಹಿಡಿದು, ಮಣಿಕಟ್ಟು ತೋರಿಸು ಅನ್ನುತ್ತಾನೆ. ಅವಳು ಬೇಡ ಅಂತ ಬೇಡಿಕೊಳ್ಳುತ್ತಾಳೆ. ಬಿಡುವುದಿಲ್ಲ. ಗಾಯದ ಗುರುತು ತುಂಬಿದ ಮಣಿಕಟ್ಟು ತೋರಿಸಿ, ಇಷ್ಟು ಹಿಡಿತ ಗಂಡಸರಲ್ಲೂ ಅಪರೂಪ ಅನ್ನುತ್ತಾನೆ! ಜ್ಯೂರಿಯ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟ ಅದೇ ಬಲವನ್ನು ಈಗ ಅತಿಥಿಗಳಿಗೆ ಪ್ರದರ್ಶನಕ್ಕಿಟ್ಟ. ಆ ಪುಟ ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಕಕ್ಷಿದಾರ ಒಬ್ಬ ಮನುಷ್ಯ ಅನ್ನುವುದನ್ನೇ ಮರೆಯುವ ಈ ಚಾಳಿಯ ಸೌಮ್ಯ ರೂಪ ಫ್ರೆಂಚ್ ಲೇಖಕ ಕಮೂನ ‘ದಿ ಸ್ಟ್ರೇಂಜರ್’ ಕಾದಂಬರಿಯಲ್ಲಿದೆ. ವಕೀಲ ವಾದ ಮಾಡುವಾಗ ಆರೋಪಿಯ ಪರವಾಗಿ ‘ನಾನು ಕೊಂದೆ’ ಅಂತ ‘ನಾನು’ ಹಾಕಿಯೇ ಮಾತಾಡುತ್ತಾನೆ. ಆರೋಪಿ ಪಕ್ಕದಲ್ಲೇ ಸುಮ್ನೆ ಕೂತಿರುತ್ತಾನೆ, ತನ್ನ ಕೇಸಿನಿಂದ ತನ್ನನ್ನೇ ಹೊರಗೆ ಹಾಕಿದರಲ್ಲ ಅನ್ನಿಸುತ್ತದೆ ಅವನಿಗೆ. ಒಳ್ಳೆಯ ವಕೀಲರ ಕೈಯಲ್ಲೂ ಇದು ಆಗಬಹುದು, ಕೆಟ್ಟವರೇ ಆಗಬೇಕಿಲ್ಲ.

ಹಾಗಂತ ಜ್ಯಾಗರ್ಸ್‌ನನ್ನು ಪೂರ್ತಿ ತಳ್ಳಿಹಾಕಲೂ ನನ್ನಿಂದ ಆಗುವುದಿಲ್ಲ. 51ನೇ ಅಧ್ಯಾಯ ತೆಗೆದು ನೋಡು. ಮಾಲಿಯ ಮಗಳನ್ನು ಯಾಕೆ ಬೇರೆ ಮನೆಗೆ ಸೇರಿಸಿದೆ ಅಂತ ಅಲ್ಲಿ ಹೇಳುತ್ತಾನೆ, ಅದೂ ನೇರವಾಗಿ ಅಲ್ಲ, ಪ್ರತಿ ಮಾತಿಗೂ ‘ಹೀಗಿದೆ ಅಂತ ಇಟ್ಟುಕೋ’ ಅಂತ ಸೇರಿಸುತ್ತಾ, ಯಾವುದನ್ನೂ ಒಪ್ಪಿಕೊಳ್ಳದೆ. ದಿನಾ ಕಂಡದ್ದು ಮಕ್ಕಳನ್ನು ಹೊಡೆಯುವುದು, ಜೈಲಿಗೆ ಹಾಕುವುದು, ಕೊನೆಗೆ ನೇಣುಗಂಬಕ್ಕೇ ಬೆಳೆಸುವುದು. ಆ ರಾಶಿಯಲ್ಲಿ ಒಂದು ಮಗುವನ್ನಾದರೂ ಎಳೆದುಕೊಳ್ಳೋಣ ಅನ್ನಿಸಿತು ಅನ್ನುತ್ತಾನೆ. ಆ ಮಗುವನ್ನು ಉಳಿಸಿದವನೇ ತಾಯಿಯನ್ನು ಹಾಗೆ ಪಳಗಿಸಿ ಇಟ್ಟುಕೊಂಡ. ನಿಮ್ಮಪ್ಪ ಅವನ ಪರ, ನಾನು ವಿರುದ್ಧ, ಈ ಜಗಳ ಹಳೇದು. ಬೇಗ ಓದಿ ಬರೆ, ನೀನು ಯಾರ ಕಡೆ ಅಂತ.

ಅಮ್ಮ