ಡೀಸೆಲ್‌ಗೆ, ಆಮೆ ಕಳಿಸಿದವನಿಂದ

ಪ್ರೀತಿಯ ಡೀಸೆಲ್,

ಇದನ್ನು ನೋಡಿದ ತಕ್ಷಣ ಫೋನ್ ಮಾಡಿ ಬೈಯುತ್ತೀಯ ಅಂತ ಗೊತ್ತು. "ಲೇ, ನನಗ ಒಂದ್ ಮಾತ್ ಹೇಳಾಕ ಊರ ಮಂದಿನೆಲ್ಲಾ ಯಾಕ ಕೂಡ್ಸಿ?" ಅಂತ. ಕಾರಣ ಇದೆ. ನಾವಿಬ್ಬರೇ ಮಾತಾಡಿದರೆ ಎರಡನೇ ಮಾತಿಗೇ ನಗು ಶುರುವಾಗುತ್ತದೆ. ಬಕೆಟ್ ಬರುತ್ತದೆ, ಮಂಗಳವಾರದ ಉಪ್ಪಿಟ್ಟು ಬರುತ್ತದೆ, ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ನಾಲ್ಕು ಮಂದಿ ನೋಡುತ್ತಿದ್ದರೆ ನಾನು ಸ್ವಲ್ಪ ನೆಟ್ಟಗಿರುತ್ತೇನೆ. ಓದುತ್ತಿರುವ ಉಳಿದವರು ಬಕೆಟ್ ಯಾರದು ಅಂತ ಕೇಳಬೇಡಿ. ವಿದ್ಯಾಗಿರಿ ಹಾಸ್ಟೆಲ್ಲಿನ ಗೋಡೆಗಳೇ ಇನ್ನೂ ಬಾಯಿ ಬಿಟ್ಟಿಲ್ಲ.

ಮೊದಲು ನಿನ್ನ ಸುದ್ದಿ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ ಅಂದರಂತೆ. ನೀನು "ಹತ್ತು ಸಾವಿರ ಯಾವಾಗಿಂದ ಶುರು ಮಾಡಲಿ?" ಅಂತ ಕೇಳಿದೆಯಂತೆ. ನಿನ್ನ ಮನೆಯವರು, ನಮ್ಮ ವೈನಿ, ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲೇ, ಆ ಹತ್ತು ಸಾವಿರ ಹೆಜ್ಜೆ ಯಾವ ಡಾಕ್ಟರ ಚೀಟಿಯಿಂದಲೂ ಬಂದದ್ದಲ್ಲ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಜಪಾನಿನ ಜನಕ್ಕೆ ವ್ಯಾಯಾಮದ ಹುಚ್ಚು ಹತ್ತಿತು. ಮರುವರ್ಷ ಅಲ್ಲಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು. ಅದನ್ನು ಮಾರಲು ಹಿಡಿದ ದುಂಡನೆ ಅಂಕಿ ಇದು. ಅದೇ ಈಗ ನಮ್ಮ ಫೋನಿನೊಳಗೆ ಬಂದು ಕೂತಿದೆ. ಪಂಪ್‌ಸೆಟ್ ಮಾರುವ ನನಗಾದರೂ ಇದು ಮೊದಲೇ ಹೊಳೆಯಬೇಕಿತ್ತು. ಡಬ್ಬದ ಮೇಲೆ ದುಂಡನೆ ಅಂಕಿ ಇದ್ದರೆ ಗಿರಾಕಿ ಪ್ರಶ್ನೆ ಕೇಳುವುದಿಲ್ಲ.

2019ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಸರಾಸರಿ 72 ವರ್ಷದ ಸುಮಾರು 17 ಸಾವಿರ ಹೆಂಗಸರಿಗೆ ಹೆಜ್ಜೆ ಅಳೆಯುವ ಯಂತ್ರ ಕಟ್ಟಿ, ಮುಂದಿನ ವರ್ಷಗಳಲ್ಲಿ ಅವರು ಹೇಗಿದ್ದಾರೆ ಅಂತ ನೋಡಿದ್ದರು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವು ಕಡಿಮೆ ಇತ್ತು. 7,500 ದಾಟಿದ ಮೇಲೆ ಅಂಥ ಹೆಚ್ಚಿನ ಲಾಭ ಕಾಣಲಿಲ್ಲ. ಅವರು ಅಜ್ಜಿಯರು, ನಾವಲ್ಲ, ಒಪ್ಪುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ಹೆಜ್ಜೆ ಲೆಕ್ಕವನ್ನೇ ಹೇಳುವುದಿಲ್ಲ, ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗುವಂತೆ ಓಡಾಡಿ ಅನ್ನುತ್ತದೆ. ನಿನಗೆ ಎಷ್ಟು ಬೇಕು ಅನ್ನುವುದು ನಿನ್ನ ಡಾಕ್ಟರಿಗೆ ಬಿಟ್ಟದ್ದು. ಫೋನಿಗೂ ಅಲ್ಲ, ನನಗೂ ಅಲ್ಲ.

ಊಟದ ಆಪ್ ಕಥೆ ಬೇರೆಯೇ. ಜೋಳದ ರೊಟ್ಟಿ ಅಂತ ಹುಡುಕಿದರೆ ಪರದೆ ತುಂಬ ರೊಟ್ಟಿ, ಒಂದೊಂದಕ್ಕೆ ಒಂದೊಂದು ಕ್ಯಾಲರಿ ಲೆಕ್ಕ. ಇಂಥ ಆಪ್‌ಗಳ ಪಟ್ಟಿಯಲ್ಲಿ ಬಳಸುವವರೇ ತುಂಬಿಸಿದ ತಿನಿಸು ಬಹಳ ಇರುತ್ತವೆ. ಯಾರ ಮನೆಯ ರೊಟ್ಟಿ ಅಂತ ನಂಬುವುದು? ಬನಶಂಕರಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವವರ ತೆಳ್ಳನೆಯ ಖಡಕ್ ರೊಟ್ಟಿಯೋ, ನಮ್ಮ ಅವ್ವ ಬಡಿಯುವ ಬಿಸಿ ರೊಟ್ಟಿಯೋ? ಅಂಗಡಿಯಿಂದ ಸಣ್ಣ ತೂಕದ ಯಂತ್ರ ಮನೆಗೆ ತಂದೆ. ಅವ್ವ ಒಲೆ ಮುಂದಿನಿಂದ ಎದ್ದು ಬಂದು ನೋಡಿದಳು. "ರೊಟ್ಟಿ ತೂಗೋ ಮನ್ಯಾಗ ಲಕ್ಷ್ಮಿ ನಿಲ್ಲಂಗಿಲ್ಲೋ ತಮ್ಮಾ" ಅಂದಳು. ಆದರೂ ತೂಗಿದೆ. 50 ಗ್ರಾಂ ಹಿಟ್ಟಿನ ರೊಟ್ಟಿಗೆ 170 ಕ್ಯಾಲರಿ ಆಸುಪಾಸು. ಗುಟ್ಟು ರೊಟ್ಟಿಯಲ್ಲಿ ಇರಲೇ ಇಲ್ಲ. ಅದರ ಪಕ್ಕದಲ್ಲಿತ್ತು. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120. ಶೇಂಗಾ 100 ಗ್ರಾಮಿಗೆ 500 ದಾಟುತ್ತದೆ. ನಾನು ಶೇಂಗಾ ಚಟ್ನಿಯ ಮೇಲೆ ಎಣ್ಣೆ ಹಾಕಿ ಕಲಸಿಕೊಂಡು ತಿನ್ನುವವನು. ಲೆಕ್ಕ ನೀನೇ ಹಾಕು.

ಆಮೇಲೆ ಆಪ್ ಹೇಳಿತು, ಬರೆಯುವ ಕಷ್ಟ ಯಾಕೆ, ತಟ್ಟೆಯ ಫೋಟೊ ತೆಗಿ, ನಾನೇ ಗುರುತು ಹಿಡಿಯುತ್ತೇನೆ ಅಂತ. ತೆಗೆದೆ. ಖಡಕ್ ರೊಟ್ಟಿಯನ್ನು ಹಪ್ಪಳ ಅಂದಿತು. ಅವ್ವನಿಗೆ ಇದನ್ನು ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡೆವಲ್ಲ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಪಕ್ಕದ ಹೊಲದ ಕಾಕಾ ಬಂದು ಕೇಳದೆಯೇ ತಟ್ಟೆಗೆ ಎರಡು ಕಡುಬು ಹಾಕಿದರು. ಇದನ್ನೆಲ್ಲ ಎಲ್ಲಿ ಅಂತ ತುಂಬಿಸುವುದು? ಬಿಟ್ಟೆ. ಸಂಜೆ ಫೋನು ಟಿಣ್ ಅಂದಿತು: ಇವತ್ತು ಮಧ್ಯಾಹ್ನದ ಊಟ ತಪ್ಪಿಸಿದಿರಾ?

ಹಾಗಂತ ಪೂರ್ತಿ ಬೈಯುವುದೂ ನ್ಯಾಯವಲ್ಲ. ಒಂದು ವಾರ ಪ್ರಾಮಾಣಿಕವಾಗಿ ತುಂಬಿಸಿದಾಗ ಚಹಾ ಕಾಣಿಸಿತು. ಕಂಪನಿಯವರು ಬಂದರೆ ಅರ್ಧ ಚಹಾ, ಗಿರಾಕಿ ಬಂದರೆ ಅರ್ಧ ಚಹಾ, ಯಾರೂ ಬರದಿದ್ದರೆ ಬೇಜಾರಿಗೆ ಅರ್ಧ ಚಹಾ. ಅರ್ಧ ಅರ್ಧ ಅಂದುಕೊಂಡು ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಂಜೆಗೆ ಆಪ್ ಅದರ ಸಕ್ಕರೆಯನ್ನೆಲ್ಲ ಕೂಡಿಸಿ ತೋರಿಸಿದಾಗ ಗಲ್ಲಾ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತೆ. ಈಗ ಸಕ್ಕರೆ ಇಲ್ಲದ ಚಹಾ. ಚಹಾದಂಗಡಿಯ ಹುಡುಗ ಅದನ್ನು ತಂದಿಡುವಾಗ ಒಂದು ಥರ ಕನಿಕರದಿಂದ ನೋಡುತ್ತಾನೆ.

ಇನ್ನು ನಡಿಗೆ. ನವನಗರ ನಿನಗೆ ಗೊತ್ತಲ್ಲ, ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳು ಹೋದವರಿಗೆ ಅಳತೆ ಹಿಡಿದು ಕಟ್ಟಿದ ಊರು. ಸೆಕ್ಟರ್ ನಂಬರು, ಅಗಲ ರಸ್ತೆ. ಬೇಸಿಗೆಯಲ್ಲಿ ಬಿಸಿಲೇರುವುದರೊಳಗೆ ಮನೆ ಸೇರಿಬಿಟ್ಟರೆ ನಡೆಯಲು ಇಷ್ಟು ಒಳ್ಳೆ ಜಾಗ ನಿನ್ನ ಪುಣೆಯಲ್ಲೂ ಸಿಗಲಿಕ್ಕಿಲ್ಲ. ತೊಂದರೆ ಒಂದೇ. ಇಲ್ಲಿ ನಲವತ್ತು ದಾಟಿದವನು ಬೂಟು ಹಾಕಿಕೊಂಡು ಬೆಳಿಗ್ಗೆ ಹೊರಬಿದ್ದರೆ ಗೇಟಿನೊಳಗಿಂದಲೇ ಕೇಳುತ್ತಾರೆ: "ಯಾಕ್ರೀ ಸಾವಕಾರ್ರ, ಶುಗರ್ ಬಂತೇನ್ರಿ?" "ಇಲ್ರೀ, ದೋಸ್ತರ ಕೂಡ ಪಂದ್ಯ ಐತ್ರಿ" ಅನ್ನುತ್ತಿದ್ದೆ. ಫೋನು ತೆಗೆದು ಹೆಜ್ಜೆ ಎಣಿಸುವ ಆಪ್‌ನಲ್ಲಿ ನಮ್ಮ ಗುಂಪಿನ ಪಟ್ಟಿ ತೋರಿಸುತ್ತಿದ್ದೆ. ಮೇಲೆ ನೀನು, ಕೆಳಗೆ ನಾನು, ಅದರ ಕೆಳಗೆ ಗೌಡ, ಉಳಿದವರು. ಅವರಿಗೂ ಸಮಾಧಾನ, ನನಗೂ ಸಮಾಧಾನ.

ಈಗ ಆ ವಾರ.

ಹನ್ನೆರಡು ಸಾವಿರದ ಮನುಷ್ಯ ನೀನು, ಇದ್ದಕ್ಕಿದ್ದಂತೆ ಮೂರು ಸಾವಿರಕ್ಕೆ ಇಳಿದೆ. ಸೊನ್ನೆ ಬಂದಿದ್ದರೆ ಅನುಮಾನ ಬರುತ್ತಿತ್ತೇನೋ. ಮೂರು ಸಾವಿರ ಅಂದರೆ ಸೋಮಾರಿಯಾಗಿದ್ದಾನೆ ಅಂದುಕೊಂಡೆ. ನಿಜ ಹೇಳಲಾ? ಖುಷಿಯಾಯಿತು. ಜಾಸ್ತಿಯೇ ಆಯಿತು. ಕಾಲೇಜಿನಲ್ಲಿ ಮಾರ್ಕ್ಸ್‌ನಲ್ಲೂ ನಿನ್ನ ಹಿಂದೆ, ಓಟದಲ್ಲೂ ನಿನ್ನ ಹಿಂದೆ, ಕ್ಯಾಂಪಸ್ ಕೆಲಸದಲ್ಲೂ ನಿನ್ನ ಹಿಂದೆ ಇದ್ದವನು ಪಟ್ಟಿಯಲ್ಲಿ ಒಂದನೇ ನಂಬರಿಗೆ ಬಂದಿದ್ದೆ. ಪರದೆಯ ಫೋಟೊ ಹೊಡೆದು ಇಟ್ಟುಕೊಂಡೆ. ನಿನಗೆ ಆಮೆಯ ಚಿತ್ರ ಕಳಿಸಿದೆ. ಉತ್ತರ ಬರಲಿಲ್ಲ. ಸೋತವನಿಗೆ ಸಿಟ್ಟು ಬಂದಿದೆ ಅಂತ ಮಾರನೇ ದಿನ ಇನ್ನೊಂದು ಕಳಿಸಿದೆ, ಟೋಪಿ ಹಾಕಿಕೊಂಡ ಆಮೆ.

ನಿನ್ನ ಫೋನು ವೈನಿಯ ಬ್ಯಾಗಿನಲ್ಲಿತ್ತು. ಫೋನಿಗೆ ಕಾಲು ಯಾರದು ಅಂತ ತಿಳಿಯುವುದಿಲ್ಲ. ಒಳಗಿನ ಸಣ್ಣ ಸೆನ್ಸರ್ ಅಲುಗಾಟ ನೋಡಿ ಹೆಜ್ಜೆ ಅಂತ ಬರೆದುಕೊಳ್ಳುತ್ತದೆ, ಅಷ್ಟೇ. ಐಸಿಯು ಬಾಗಿಲಿನಿಂದ ಔಷಧಿ ಕೌಂಟರಿಗೆ, ಅಲ್ಲಿಂದ ದುಡ್ಡು ಕಟ್ಟುವ ಕಿಟಕಿಗೆ, ಮತ್ತೆ ಬಾಗಿಲಿಗೆ. ನಿನ್ನ ಹೆಸರಿನ ಮುಂದೆ ಬಿದ್ದ ಆ ಮೂರು ಸಾವಿರ ವೈನಿಯದು. ಆಮೆ ಹೋದದ್ದೂ ಅವರಿಗೇ.

2018ರಲ್ಲಿ ಸ್ಟ್ರಾವಾ ಅನ್ನುವ ಓಟದ ಆಪ್‌ನ ನಕ್ಷೆ ದೊಡ್ಡ ಸುದ್ದಿಯಾಗಿತ್ತು, ನೀನೇ ನನಗೆ ಕಳಿಸಿದ್ದೆ. ಬಳಸುವವರು ಓಡಿದ ದಾರಿಗಳನ್ನೆಲ್ಲ ಸೇರಿಸಿ ಬೆಳಕಿನ ಗೆರೆಗಳಾಗಿ ತೋರಿಸಿದ್ದರು. ಸಿರಿಯಾ, ಅಫ್ಘಾನಿಸ್ತಾನದ ಕತ್ತಲೆ ಜಾಗಗಳಲ್ಲಿ ಸೈನಿಕರು ಹಾಕಿದ ಸುತ್ತು ಹೊಳೆದು, ಸೈನ್ಯದ ನೆಲೆಗಳು ಎಲ್ಲಿವೆ ಅಂತ ಜಗತ್ತಿಗೇ ಕಂಡವು. ಎಲ್ಲೋ ಕೂತ ಹುಡುಗರು ಗುರುತಿಲ್ಲದ ಸೈನಿಕನ ಹೆಜ್ಜೆ ನೋಡಿ ಇಷ್ಟು ಓದಿದರು. ನಾನು 25 ವರ್ಷದ ದೋಸ್ತ. ದಿನಾ ರಾತ್ರಿ ನಿನ್ನ ಅಂಕಿ ನೋಡಿ, ನಡೆದಾನೆ, ಅಂದರೆ ಇದ್ದಾನೆ ಅಂದುಕೊಂಡು ಮಲಗುತ್ತಿದ್ದೆ. ಮುಂಚೆ ಎರಡು ದಿನ ನಿನ್ನ ದನಿ ಕೇಳದಿದ್ದರೆ ಫೋನ್ ಹಚ್ಚುತ್ತಿದ್ದೆನಲ್ಲ? ಗುಂಪು ಶುರುವಾದ ಮೇಲೆ ನಾವು ಎಷ್ಟು ಸಲ ಮಾತಾಡಿದ್ದೇವೆ, ನೆನಪಿಸಿಕೋ. ನನಗಂತೂ ನೆನಪಾಗುತ್ತಿಲ್ಲ.

ಆ ಗುಂಪು ಕಟ್ಟಿದವನೇ ನಾನು. ದಸರೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಎಲ್ಲರನ್ನೂ ಹಿಡಿದು ಎಳೆದು ಸೇರಿಸಿದ್ದೆ. ಇವನಿಗೇನು ಬಂತು ಅಂತ ನೀವೆಲ್ಲ ನಕ್ಕಿರಿ. ಬಂದದ್ದು ಲ್ಯಾಬಿನ ಚೀಟಿ. ಎಚ್‌ಬಿಎ1ಸಿ ಅಂತ ಒಂದು ಪರೀಕ್ಷೆ ಇದೆ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. 6.5 ಮುಟ್ಟಿದರೆ ಶುಗರ್ ಅಂತಲೇ ಲೆಕ್ಕ. ನನ್ನದು 7.8. ಪಂದ್ಯ ಇದ್ದರೆ ಯಾಕೆ ನಡೆಯುತ್ತೀರಿ ಅಂದವರಿಗೆ ಹೇಳಲು ಒಂದು ಮಾತು ಸಿಗುತ್ತದೆ ಅಂತ ಪಂದ್ಯ ಹೂಡಿದೆ. ನಿಮ್ಮನ್ನೆಲ್ಲ ನಡೆಸಿದ್ದು ನನ್ನ ಮರೆಗೆ.

ಮನೆಯಲ್ಲಿ ಹೇಳಿಲ್ಲ. ಅಪ್ಪನ ಕಾಲು ನೀನು ನೋಡಿದ್ದೀಯ. ಗಾಯದ ಪಟ್ಟಿ ಬದಲಿಸುವ ದಿನ ನೀನೂ ಬಂದಿದ್ದೆ, ಹೊರಗೆ ಹೋಗಿ ನಿಂತೆ. "ಜ್ವಾಳಾ ಉಣ್ಣಾವ್ರಿಗೆ ಶುಗರ್ ಎಲ್ಲಿಂದ ಬರ್ತೈತಿ" ಅಂತ ಕಡೆತನಕ ಅನ್ನುತ್ತಿದ್ದ ಮನುಷ್ಯ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ, ಮೈಯೊಳಗೆ ಸಕ್ಕರೆಯಾಗುವ ಕಾರ್ಬೋಹೈಡ್ರೇಟೇ ಇರುತ್ತದೆ ಅಂತ ಆಗ ನಮಗೆ ಯಾರು ಹೇಳಬೇಕಿತ್ತು? ಹೇಳಿದ್ದರೂ ಅಪ್ಪ ನಂಬುತ್ತಿರಲಿಲ್ಲ ಬಿಡು. ಈಗ ನಾನು ಬಾಯಿ ಬಿಟ್ಟರೆ ಅವ್ವ ನನ್ನ ಮುಖ ನೋಡುವುದಿಲ್ಲ, ಕಾಲು ನೋಡುತ್ತಾಳೆ. ಅದೊಂದು ನೋಟ ತಡೆಯಲು ಆಗುವುದಿಲ್ಲ ನನಗೆ. ಮಾತ್ರೆ ನನ್ನ ಅಂಗಡಿಯ ಗಲ್ಲಾದಲ್ಲಿ, ಚಿಲ್ಲರೆ ಡಬ್ಬಿಯ ಕೆಳಗಿದೆ. ತಪ್ಪದೆ ನುಂಗುತ್ತೇನೆ, ಅದಕ್ಕೆ ಬೈಯಬೇಡ.

ಆದರೆ ಆಪ್‌ಗೆ ಹೇಳಿದ್ದೆ! ಶುರುವಿನಲ್ಲೇ ಕೇಳಿತು, ನಿಮಗೆ ಯಾವುದಾದರೂ ಕಾಯಿಲೆ ಇದೆಯಾ ಅಂತ. ಒಂದು ಕ್ಷಣವೂ ಯೋಚಿಸದೆ ಶುಗರ್ ಮುಂದೆ ಗುರುತು ಹಾಕಿದೆ. ಕಟ್ಟಿಕೊಂಡವಳಿಗೆ ಹೇಳದ್ದನ್ನು, ಎಲ್ಲಿದೆಯೋ ಗೊತ್ತಿಲ್ಲದ ಯಾವುದೋ ಕಂಪ್ಯೂಟರಿಗೆ ಹೇಳಿದೆ. ಅದೇ 2018ರಲ್ಲಿ ಮೈಫಿಟ್‌ನೆಸ್‌ಪಾಲ್ ಅನ್ನುವ ಊಟದ ಆಪ್‌ನಿಂದ ಸುಮಾರು 15 ಕೋಟಿ ಖಾತೆಗಳ ಹೆಸರು, ಇಮೇಲ್ ಕಳುವಾಗಿದ್ದವು. ನನ್ನ ಆಪ್‌ಗೂ ಕಳ್ಳ ನುಗ್ಗಿದರೆ ನನ್ನ ಸುದ್ದಿ ಮನೆಯವರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಸಂಭಾವಿತ ಕಳ್ಳನಾದರೆ ಫೋನ್ ಮಾಡಿ ಅನ್ನ ಕಡಿಮೆ ಮಾಡು ಅಂದಾನು.

ಛೆ. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಆಮೆಯ ವಿಚಾರ ಎರಡು ಸಾಲು ಹಾಕಿ, ಬೇಗ ಗುಣವಾಗು ಅಂತ ಮುಗಿಸುವವನಿದ್ದೆ. ಅಳಿಸಿಬಿಡೋಣ ಅಂತ ಮೇಲೆ ಹೋಗಿ ನೋಡಿದೆ, ಅಳಿಸಿದರೆ ಪತ್ರದಲ್ಲಿ ರೊಟ್ಟಿ ಮತ್ತು ಅಮೆರಿಕದ ಅಜ್ಜಿಯರು ಮಾತ್ರ ಉಳಿಯುತ್ತಾರೆ. ಇನ್ನೊಂದು ಫಜೀತಿ ಇದೆ. ನನ್ನ ಹೆಂಡತಿ ನಾನು ಬರೆದದ್ದನ್ನು ಓದುವುದಿಲ್ಲ, ಆದರೆ ಅವಳ ತಮ್ಮ ಓದದೆ ಬಿಡುವುದಿಲ್ಲ, ಓದಿದ ಮರುಗಳಿಗೆ ಅಕ್ಕನಿಗೆ ಫೋನ್. ಹಾಗಾಗಿ ಇದನ್ನು ಹಾಕುವ ಮೊದಲು ಮನೆಯಲ್ಲಿ ಹೇಳಲೇಬೇಕು. ಈಗ ಊಟಕ್ಕೆ ಹೊರಟಿದ್ದೇನೆ. ನೀನು ಇದನ್ನು ಓದುತ್ತಿದ್ದೀಯ ಅಂದರೆ ಹೇಳಿದ್ದೇನೆ ಅಂತ ಅರ್ಥ, ಮತ್ತು ನನ್ನ ತಟ್ಟೆಯಿಂದ ಶೇಂಗಾ ಹೋಳಿಗೆ ಕಾಯಂ ಆಗಿ ಹೋಗಿದೆ ಅಂತಲೂ ಅರ್ಥ.

ಮುಂದಿನ ವಾರ ಪುಣೆಗೆ ಬರುತ್ತೇನೆ. ಅಮೀನಗಡದ ಕರದಂಟು ತರುತ್ತೇನೆ, ಆದರೆ ಆಸೆ ಪಡಬೇಡ. ನಿನಗೂ ಇಲ್ಲ, ನನಗೂ ಇಲ್ಲ. ಡಬ್ಬಿ ಪೂರ್ತಿ ವೈನಿಗೆ. ನಮ್ಮಿಬ್ಬರನ್ನು ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ತಿನ್ನಲಿ.

ನಿನ್ನ,
ಪಂಪ್‌ಸೆಟ್

ತಾ.ಕ.: ಒಂದನೇ ನಂಬರು ಈಗ ಗೌಡನದು. ನಿನ್ನೆ ಒಂದೇ ದಿನ 31 ಸಾವಿರ ಹೆಜ್ಜೆ. ಹೊಲ ಹೊಡೆಯುವಾಗ ಫೋನನ್ನು ಟ್ರ್ಯಾಕ್ಟರ್ ಮೇಲೆ ಇಟ್ಟಿರುತ್ತಾನೆ ಅಂತ ನನ್ನ ಅನುಮಾನ. ಕೇಳಿದರೆ "ನಿಮ್ಮಂಗ ಕುಂತು ತಿನ್ನಾವಲ್ಲ ನಾನು" ಅನ್ನುತ್ತಾನೆ. ಬಕೆಟ್ ವಿಷಯದಲ್ಲೂ ಹೀಗೇ ಅಂದಿದ್ದ.